ಹನ್ನೊಂದನೆಯ ಪುಟ

ಅವರ ಎಡಗೈಯ ಎರಡು ಬೆರಳುಗಳ ತುದಿ ಕಪ್ಪಾಗಿತ್ತು. ಮಾಸ್ಕೋದಲ್ಲಿ ಓದುವಾಗ ಚಳಿಗೆ ಸತ್ತ ಬೆರಳುಗಳು. ಅವೆರಡನ್ನು ಮೇಲಕ್ಕೆತ್ತಿಕೊಂಡು, ಉಳಿದ ಎಂಟರಲ್ಲೇ ನನಗಿಂತ ಬೇಗ ಟೈಪ್ ಮಾಡುತ್ತಿದ್ದರು.

ನಾನು ಅವರನ್ನು ಸರ್ ಅನ್ನುತ್ತಿದ್ದೆ. ಧಾರವಾಡದ ಅರ್ಥಶಾಸ್ತ್ರಜ್ಞರು, ಹಿಲ್ಸ್‌ಬರೋದ ಮನೆಯಿಂದ ಮ್ಯಾನ್‌ಹ್ಯಾಟನ್ನಿನ ಆಫೀಸಿಗೆ ದಿನಾ ಕಮ್ಯೂಟ್ ಮಾಡುತ್ತಿದ್ದರು. ನಾನು ಅದೇ ಆಫೀಸಿನ ಪ್ರೋಗ್ರಾಮರ್. ಡಾಟ್‌ಕಾಮ್ ಹುಚ್ಚು ನೆತ್ತಿಗೇರಿದ್ದ ಕಾಲ. ನಮ್ಮ ಕಂಪನಿ ಹಿಂದಿನ ಸೋವಿಯತ್ ದೇಶಗಳಿಗೆ ಸಲಹೆ ಮಾರುತ್ತಿತ್ತು: ಬ್ಯಾಂಕು, ಫೋನು, ವಿಮೆಗಳನ್ನು ಸರ್ಕಾರದ ಕೈಯಿಂದ ಬಿಡಿಸಿ, ಬೆಳವಣಿಗೆ ತಾನಾಗಿ ಬರುತ್ತದೆ ಅಂತ.

ಸರ್ ಸುಧಾರಣೆಯ ವಿರೋಧಿಯಲ್ಲ. "ಒಂದು ಫೋನಿಗೆ ನಮ್ಮಪ್ಪ ಒಂಬತ್ತು ವರ್ಷ ಕಾದಾನ. ಸರ್ಕಾರದ ಹಿಡಿತ ಅಂದ್ರ ಏನಂತ ನನಗ ಹೇಳಬ್ಯಾಡ್ರಿ," ಅನ್ನುತ್ತಿದ್ದರು.

ಆದರೆ ಅಂಥ ಒಂದು ದೇಶದಲ್ಲಿ ಇಡೀ ಫೋನ್ ಸೇವೆಯನ್ನು ಒಬ್ಬನೇ ಧಣಿಗೆ ಮಾರಿದ್ದರು. ಲಾಭವಿಲ್ಲವೆಂದು ಅವನು ಸಣ್ಣ ಊರುಗಳ ಎಕ್ಸ್‌ಚೇಂಜ್‌ಗಳನ್ನು ಮುಚ್ಚಿದ್ದ. ಸರ್ ಅಲ್ಲಿಗೇ ಹೋಗಿ, ಕೆಲಸ ಕಳೆದುಕೊಂಡ ಆಪರೇಟರ್ ಒಬ್ಬಳ ಜೊತೆ ಮಾತಾಡಿ ಬಂದರು. ಹೆರಿಗೆನೋವು ಬಂದ ಸೊಸೆಗೆ ಆಂಬ್ಯುಲೆನ್ಸ್ ಕರೆಯಲು ಫೋನಿಲ್ಲದೆ, ಸೊಸೆ ಅವಳ ಕಣ್ಣೆದುರೇ ಸತ್ತಿದ್ದಳು. ಆ ದೇಶದ ಬಗ್ಗೆ ಕಂಪನಿಗೆ ಬರೆಯುತ್ತಿದ್ದ ವರದಿಯ ಹನ್ನೊಂದನೆಯ ಪುಟದಲ್ಲಿ ಸರ್ ಅದನ್ನೆಲ್ಲ ಬರೆದರು. ಮೊದಲು ಕಾನೂನು, ಆಮೇಲೆ ಪೈಪೋಟಿಗೆ ಇನ್ನೊಂದು ಕಂಪನಿ, ಮಾರಾಟ ಕೊನೆಗೆ ಅಂತಲೂ ಬರೆದರು.

ಆ ಧಣಿಯೂ ನಮ್ಮ ಗಿರಾಕಿಯೇ. ಸರ್ ರಜೆಯಲ್ಲಿದ್ದ ದಿನ ನಮ್ಮ ಡೈರೆಕ್ಟರ್, ವರದಿಗೆ ಗ್ರಾಫ್ ಜೋಡಿಸುತ್ತಿದ್ದ ನನ್ನ ಮೇಜಿಗೆ ಬಂದ. "ಹನ್ನೊಂದನೆಯ ಪುಟ ತೆಗೆದುಬಿಡು. ಗ್ರಾಫ್ ಇರಲಿ, ಚೆನ್ನಾಗಿ ಮೇಲೆ ಹೋಗಿದೆ," ಅಂದ. ನನ್ನ ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಬೇಕಾದವನು ಅವನೇ. ತೆಗೆದೆ.

ಮರುದಿನ ಆ ದೇಶದ ಅಧಿಕಾರಿಗಳು ಬಂದಿದ್ದರು. ಸರ್ ವರದಿ ತಿರುವಿ ನೋಡಿ ನನ್ನ ಮುಂದೆ ನಿಂತರು.

"ಯಾರು ತಗದವರು?"

"ನಾನೇ, ಸರ್."

"ನಿನ್ನ ವೀಸಾ ಅವನ ಕೈಯಾಗ ಅದ, ನಿನಗೇನೂ ಅನ್ನಂಗಿಲ್ಲ. ನನ್ನ ಬಾಯಿ ಅವನ ಕೈಯಾಗಿಲ್ಲಲ್ಲ!"

ಸೀದಾ ಮೀಟಿಂಗ್ ರೂಮಿಗೆ ನುಗ್ಗಿ, ತಮ್ಮ ಬ್ಯಾಗಿನಲ್ಲಿದ್ದ ಪ್ರತಿ ತೆಗೆದು, ಆ ಪುಟವನ್ನು ರಷ್ಯನ್ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದರು. ಡೈರೆಕ್ಟರನಿಗೆ ಒಂದಕ್ಷರ ತಿಳಿಯಲಿಲ್ಲ. ಅಧಿಕಾರಿಗಳು ತಲೆ ತಗ್ಗಿಸಿದ್ದು ಮಾತ್ರ ಕಂಡಿತು. ಮಧ್ಯಾಹ್ನದೊಳಗೆ ಸರ್ ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಸೆಕ್ಯೂರಿಟಿಯವನು. ಆ ವಿದ್ವಾಂಸರನ್ನು ಕಳ್ಳನ ಹಾಗೆ ಹೊರಗೆ ಬಿಟ್ಟುಬಂದರು. ವರದಿ ಮಾತ್ರ ಹನ್ನೊಂದನೆಯ ಪುಟವಿಲ್ಲದೆಯೇ ಅಚ್ಚಾಯಿತು. ಹೆಂಗಸೊಬ್ಬಳ ಸಾವನ್ನು ಅಳಿಸಿ, ಆ ದೇಶ ಉಳಿದವರಿಗೆ ಮಾದರಿಯಂತೆ! ಈಗಲೂ ನೆನೆದರೆ ಮೈ ಉರಿಯುತ್ತದೆ. ಅಳಿಸಿದ ಕೈ ನನ್ನದೇ ಅನ್ನುವುದಕ್ಕೆ ಇನ್ನೂ ಹೆಚ್ಚು.

ಎರಡೇ ವರ್ಷಕ್ಕೆ ಸರ್ ಹೃದಯಾಘಾತದಿಂದ ತೀರಿಕೊಂಡರು. ದೇಹವನ್ನು ದರ್ಶನಕ್ಕಿಟ್ಟಿದ್ದ ಫ್ಯೂನರಲ್ ಹೋಮಿಗೆ ಡೈರೆಕ್ಟರ್ ದೊಡ್ಡ ಹೂಗುಚ್ಛ ಹಿಡಿದು ಬಂದು, ಸರ್ ಕಾಲ ಬಳಿ ಇಟ್ಟ. ಅದರ ಕಾರ್ಡಿನಲ್ಲಿ "ನಮ್ಮ ಹೆಮ್ಮೆಯ ಸಹೋದ್ಯೋಗಿಗೆ" ಎಂದಿತ್ತು. ಸರ್ ಪತ್ನಿ ಅದನ್ನೋದಿ ನನ್ನ ಕಡೆ ನೋಡಿದರು.

"ಇದು ಅವರ ಕಾಲ ಹತ್ರ ಬ್ಯಾಡಪಾ."

ನಾನು ಹೂಗುಚ್ಛ ಎತ್ತಿಕೊಂಡೆ. ಅಷ್ಟು ಜನರ ಎದುರು ನಡೆದುಹೋಗಿ ಅದನ್ನು ತಂದವನ ಕೈಗೇ ವಾಪಸ್ ಕೊಟ್ಟೆ.