ಅಟ್ಟದಿಂದ ಇಳಿಯದ ಕ್ಯಾಸೆಟ್ಟು

ಇಲ್ಲ... ನಂಬುವುದಕ್ಕೆ ಆಗುತ್ತಿಲ್ಲ.
ಬೆಳಿಗ್ಗೆ ಬಂದ ಫೋನು ಇನ್ನೂ ಕಿವಿಯಲ್ಲೇ ಇದೆ...

"ನಾನು ಗಿರಿಜಾ ಕಣ್ರೀ ಮೇಷ್ಟ್ರೇ, ಕ್ಯಾಸೆಟ್ ರುದ್ರಣ್ಣನ ಮಗಳು. ಅಪ್ಪ ಹೋಗ್ಬುಟ್ರು."

ಎಲ್ಲಿಗೆ ಅಂತ ಕೇಳಿದೆ ನಾನು.
ಅಷ್ಟು ಪೆದ್ದನಾಗಿಬಿಟ್ಟೆ...

ಫ್ರೆಂಡ್ಸ್, ನಿಮ್ಮಲ್ಲಿ ಹಲವರಿಗೆ ರುದ್ರಣ್ಣ ಯಾರೆಂದು ಗೊತ್ತಿರಲಿಕ್ಕಿಲ್ಲ.
ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕ...
ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಇಳಿದರೆ ಎದುರಿಗೇ ಅವನ ಕ್ಯಾಸೆಟ್ ಅಂಗಡಿ.
ಬಾಗಿಲಿಗೆ ಒರಗಿಸಿದ ಕರಿ ಹಲಗೆ.
ಅದರ ಮೇಲೆ ಸೀಮೆಸುಣ್ಣದಲ್ಲಿ ರುದ್ರಣ್ಣನ ವಿಮರ್ಶೆ.
ಸಿನಿಮಾ, ಡಿಸ್ಕೊ, ಇಂಗ್ಲಿಷ್ ಪಾಪ್... ಯಾವುದನ್ನೂ ಬಿಡುತ್ತಿರಲಿಲ್ಲ.
ಪೇಪರಿನವರು ಏನೇ ಬರೆಯಲಿ, ನಮಗೆ ಹಲಗೆ ಏನು ಹೇಳುತ್ತದೆ ಅನ್ನುವುದೇ ಮುಖ್ಯ.

ಆದರೆ ಆಸಾಮಿ ಒಂದು ವರ್ಷ ಬಾಯಿ ಬಿಡುತ್ತಿರಲಿಲ್ಲ!

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಮುಟ್ಟುವುದಿಲ್ಲವಲ್ಲ...
ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನುವ ತನಕ.
ರುದ್ರಣ್ಣ ಸಿನಿಮಾಕ್ಕೂ ಅದೇ ನಿಯಮ ಇಟ್ಟುಕೊಂಡಿದ್ದ.

"ಹೆಂಗೈತೆ ರುದ್ರಣ್ಣ ಪಿಚ್ಚರ್ರು?"
"ಅಟ್ಟಕ್ಕೆ ಹಾಕಿವ್ನಿ ಕಣ್ಲಾ. ಒಂದ್ವರ್ಸ ಬುಟ್ಟು ಬಾ."

ತಿಪಟೂರಿನಲ್ಲಿ ಜನ ಮುಗಿಬಿದ್ದು ನೋಡಿದ ಒಂದು ಪಿಚ್ಚರ್...
ವರ್ಷದ ಮೇಲೆ ಹಲಗೆಯಲ್ಲಿ: "ಅಲ್ಲಾಡಿಸಿದೆ. ಸದ್ದಿಲ್ಲ. ಒಳಗೇ ಕೊಳೆತಿದೆ."

ಇನ್ನೊಂದು ತಾಯಿ ಸೆಂಟಿಮೆಂಟಿನದು. ಇಡೀ ಟೆಂಟು ಅತ್ತಿತ್ತು.
"ಆ ತಾಯಿ ಬಿಂದಿಗೆ ಹಿಡಿದ ರೀತಿ ನೋಡಿದರೆ ಜನ್ಮದಲ್ಲಿ ನೀರು ಸೇದಿದವಳಲ್ಲ. ನಾನು ಅಳಲಿಲ್ಲ."

ಒಂದು ಡಿಸ್ಕೊ ಕ್ಯಾಸೆಟ್ಟಿಗೆ: "ತಮಟೆಗೆ ಕರೆಂಟು ಕೊಟ್ಟಿದ್ದಾರೆ. ತಪ್ಪಿಲ್ಲ. ಹಾಡುವವನಿಗೆ ಉಸಿರಾಡಲು ಬಿಡಬೇಕಿತ್ತು."

ಯಾರದೋ ಭಾವ ಗಲ್ಫಿನಿಂದ ತಂದ ಪಾಪ್ ಆಲ್ಬಂ...
ಒಂದಕ್ಷರ ಇಂಗ್ಲಿಷ್ ಬಾರದ ಮನುಷ್ಯ ವರ್ಷವಿಡೀ ಕೇಳಿ ಬರೆದದ್ದು:
"ಎರಡನೇ ಸೈಡು, ಮೂರನೇ ಹಾಡು. ಈ ಹೆಂಗಸು ಸುಳ್ಳು ಹೇಳುತ್ತಿಲ್ಲ."

ಮೂರೇ ದಿನಕ್ಕೆ ಟೆಂಟಿನಿಂದ ಎತ್ತಂಗಡಿಯಾದ ಒಂದು ಬಡಪಾಯಿ ಸಿನಿಮಾಕ್ಕೆ "ಗಡಗಡ. ಎಲ್ಲರೂ ನೋಡಿ" ಅಂತ ಬರೆದ.
ಎಲ್ಲಿ ನೋಡುವುದು? ಅಷ್ಟು ಹೊತ್ತಿಗೆ ರೀಲು ಯಾವ ಊರಿನ ಗೋಡೌನಿನಲ್ಲಿತ್ತೋ...
ಅವತ್ತು ನಕ್ಕೂ ನಕ್ಕೂ ಸಾಕಾಗಿತ್ತು.
ಇವತ್ತು ನಗು ಬರುತ್ತಿಲ್ಲ.

ರುದ್ರಣ್ಣ... ನಿನಗೆ ನೆನಪಿತ್ತಾ?

ನಾನೂ ಒಂದು ಕ್ಯಾಸೆಟ್ ಮಾಡಿದ್ದೆ. ಆರು ಹಾಡು.
ಗಿಟಾರು, ಬಾಂಗೋ, ನನ್ನ ಗಂಟಲು. ಬೆಂಗಳೂರಿನ ಸ್ಟುಡಿಯೋದಲ್ಲಿ ಒಂದೇ ದಿನದ ರೆಕಾರ್ಡಿಂಗ್.
ನಮ್ಮೂರು ಹಾಲ್ಕುರಿಕೆಯಿಂದ ಬಂದು ಮೊದಲ ಕಾಪಿ ನಿನ್ನ ಕೈಗೇ ಕೊಟ್ಟೆ.
ನೀನು ಅಂಗಡಿ ಬಾಗಿಲು ಅರ್ಧ ಎಳೆದು, ಕಣ್ಣು ಮುಚ್ಚಿ, ಎರಡೂ ಸೈಡ್ ಕೇಳಿದೆ.
"ಅಟ್ಟಕ್ಕೆ ಹಾಕಿವ್ನಿ ಕಣಪ್ಪ" ಅಂದೆ.

ವರ್ಷ ಆಯಿತು. ಎರಡಾಯಿತು.
ಬಸ್ಸಿನ ಕಿಟಕಿಯಿಂದಲೇ ನಿನ್ನ ಹಲಗೆ ನೋಡುತ್ತಿದ್ದೆ... ನನ್ನ ಹೆಸರು ಬರಲಿಲ್ಲ.
ಇಳಿದು ಕೇಳಬಹುದಿತ್ತು. ಕೇಳಲಿಲ್ಲ.

ನಮ್ಮ ಮನೆಗೆ ಕೊಬ್ಬರಿ ಕೊಳ್ಳುವವರು ತಾವೇ ಬರುತ್ತಿದ್ದರು. ಬೆಳೆದವನು ಹೋಗಿ ಕೇಳಿದರೆ ಮಾಲು ಅಗ್ಗವಾಗುತ್ತದೆ ಎಂದು ನಮ್ಮಪ್ಪ ಕಲಿಸಿದ್ದರು.
ಆರು ಹಾಡು ಹಾಡಿದವನಿಗೂ ಅದೇ ಗತ್ತು, ನೋಡು!
ನೀನೇ ಬರಬೇಕು... ನೀನೇ ಹೇಳಬೇಕು...

ಕೊನೆಗೆ, ನನ್ನ ಹಾಡು ಕೊಳೆತಿದೆ, ಹೇಳುವುದಕ್ಕೆ ನಿನಗೆ ಮನಸ್ಸಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ.
ಹಾಡುವುದನ್ನೇ ಬಿಟ್ಟೆ. ಮೇಷ್ಟ್ರಾಗಿ ತುರುವೇಕೆರೆಗೆ ಬಂದೆ.
ಮಕ್ಕಳಿಗೆ ಪದ್ಯವನ್ನೂ ಓದಿಯೇ ಹೇಳಿದೆ... ರಾಗ ಹಾಕಲಿಲ್ಲ.
ನಿನಗೂ ನನಗೂ ಮಧ್ಯೆ ಒಂದು ಬಸ್ಸಿನ ದಾರಿ.
ನಲವತ್ತು ವರ್ಷ...

ಇವತ್ತು ಗಿರಿಜಾಳನ್ನು ಕೇಳಿಯೇಬಿಟ್ಟೆ ಫ್ರೆಂಡ್ಸ್. ಸಾವಿನ ಮನೆಯ ಹೆಣ್ಣುಮಗಳನ್ನು... ನಾಚಿಕೆ ಬಿಟ್ಟು.
"ನನ್ನ ಕ್ಯಾಸೆಟ್ ಬಗ್ಗೆ ಅಪ್ಪ ಏನಾದ್ರೂ ಅಂದಿದ್ರೇನಮ್ಮ?"



"ಅಂಗಡಿ ಮುಚ್ಚಿದಾಗ ಎಲ್ಲಾ ಕ್ಯಾಸೆಟ್ಟೂ ಅವ್ರಿಗಿವ್ರಿಗೆ ಕೊಟ್ಬುಟ್ರು ಮೇಷ್ಟ್ರೇ. ನಿಮ್ದೊಂದು ಮಾತ್ರ ಮಡಿಕ್ಕಂಡಿದ್ರು. ಹೆಂಗೈತಪ್ಪ ಅಂತ ನಾನೇ ಕೇಳ್ದೆ. ನಂಗೂ ಹೇಳ್ಲಿಲ್ಲ. 'ಕಂಡೋರ ಪಿಚ್ಚರ್‌ಗೆ ಹಲಗೆ ಸಾಕು. ಇವ್ನು ನಮ್ಮ ಹುಡ್ಗ, ಇವಂದು ಬೀದೀಲಿ ಬರಿಯಕ್ಕಾಯ್ತದಾ? ಅವ್ನು ಬಂದು ಕೇಳ್ಲಿ, ಅವ್ನ ಮುಂದೇನೆ ಹೇಳ್ತೀನಿ' ಅನ್ನೋರು. ಕಿವಿ ಪೂರ್ತಿ ಹೋದ್ಮೇಲೂ ಅದನ್ನೇ ಅನ್ನೋರು."

ಅಷ್ಟೇ... ಅಷ್ಟೇ ಆಗಿತ್ತು ವಿಷಯ.

ಒಳ್ಳೆಯದು ಅನ್ನುತ್ತಿದ್ದನೋ, ಕೊಳೆತಿದೆ ಅನ್ನುತ್ತಿದ್ದನೋ...
ಗೊತ್ತಿದ್ದವನು ಒಬ್ಬನೇ. ಅವನನ್ನು ಸಂಜೆ ನಾಲ್ಕಕ್ಕೆ ಅವರ ತೋಟದಲ್ಲಿ ಮಣ್ಣು ಮಾಡುತ್ತಾರೆ.
ದಯವಿಟ್ಟು ಯಾರೂ ಕಾಮೆಂಟಿನಲ್ಲಿ "ಅವರಿಗೆ ಖಂಡಿತ ಇಷ್ಟ ಆಗಿರುತ್ತೆ ಸಾರ್" ಎಂದು ಬರೆಯಬೇಡಿ.
ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಸಮಾಧಾನ ಬೇಡ ನನಗೆ.

ಈಗ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ.
ನಲವತ್ತು ವರ್ಷದಲ್ಲಿ ಮೊದಲ ಸಲ ಕಿಬ್ಬನಹಳ್ಳಿ ಕ್ರಾಸಿಗೆ ಟಿಕೆಟ್ ತೆಗೆಯುತ್ತೇನೆ.

ಕೇಳೋಕೆ ಬತ್ತಾ ಇದೀನಿ ಕಣಣ್ಣ...
ನೀನು ಹೇಳಲಾರೆ.

ಶಿವ ನಿನ್ನನ್ನು ತಣ್ಣಗೆ ಇಟ್ಟುಕೊಳ್ಳಲಿ ರುದ್ರಣ್ಣ.
ನಿನ್ನ ಜೀವಕ್ಕಾದರೂ ನೆಮ್ಮದಿ ಸಿಗಲಿ... 🙏