ಜಾಕೊಬರು ಬಡಿಸಿದ ಗಂಜಿ

ಜಾಕೊಬ್ ಲೋಬೊ ಅವರನ್ನು ನಾನು ಮೊದಲು ಕಂಡ ದಿನ ಅವರು ನಮ್ಮ ಮನೆಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಅದು ೨೦೦೪ರ ಸೆಪ್ಟೆಂಬರ್ ತಿಂಗಳು. ಸಿಡ್ನಿಯ ಎಪ್ಪಿಂಗ್‌ನಲ್ಲಿ ಮಗಳು ಶ್ರೀಲಕ್ಷ್ಮಿಯ ಮನೆಗೆ, ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಳಾಗಿ, ನಾನು ಬಂದು ಹೆಚ್ಚು ಕಾಲವಾಗಿರಲಿಲ್ಲ. ಅದೇ ಕಟ್ಟಡದ ಕೆಳಮಹಡಿಯಲ್ಲಿ ಮಂಗಳೂರು ಕಡೆಯ ಜೆನಿಸ್ ಎಂಬಾಕೆ ಗಂಡನೊಡನೆ ವಾಸವಾಗಿದ್ದಳು. ಜಾಕೊಬ್ ಆಕೆಯ ತಂದೆ. ಹೆಂಡತಿ ಮೋಲಿ ತೀರಿಕೊಂಡ ಮೇಲೆ ಮಗಳ ಬಳಿಗೆ ಬಂದವರು. ಕನ್ನಡ ಬಲ್ಲ ಹಿರಿಯರೊಬ್ಬರು ಇದ್ದಾರೆಂದು ತಿಳಿದು ತಂದೆ ಮಗಳಿಬ್ಬರನ್ನೂ ಭಾನುವಾರದ ಊಟಕ್ಕೆ ಕರೆದೆವು. ಎಪ್ಪತ್ತು ದಾಟಿದ ವಯಸ್ಸು, ಬಿಳಿಯ ಅಂಗಿ, ಅಚ್ಚುಕಟ್ಟಾಗಿ ಮಡಿಸಿದ ತೋಳುಗಳು.

"ಟೀಚರೇ, ನಿಮ್ಮ ಸಾರು ಭಾರೀ ಲಾಯ್ಕುಂಟು. ಒಂದು ಬಂಗುಡೆ ಹಾಕಿದ್ರೆ ಇನ್ನೂ ಲಾಯ್ಕಾಗ್ತಿತ್ತು" ಎಂದರು.

"ನಮ್ಮ ಸಾರಿಗೆ ಮೀನು ಹಾಕಿದ್ರೆ ನಮ್ಮ ಯಜಮಾನರು ಸ್ವರ್ಗದಿಂದ ಇಳಿದು ಬಂದ್ಬಿಡ್ತಾರೆ."

"ಬರ್ಲಿ ಬಿಡಿ. ಅವರಿಗೂ ಒಂದು ತುಂಡು ಕೊಡುವ."

ಎಲ್ಲರೂ ನಕ್ಕೆವು. ಆ ಸಲಿಗೆಯಲ್ಲಿ ನಾನು ಅನ್ನದ ಪಾತ್ರೆಯನ್ನು ಅವರ ಕಡೆಗೆ ತಂದೆ. ಸಾಕೆಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ನಮ್ಮ ಕಡೆ ಹಾಗೆ ಹಿಡಿದ ಕೈಯನ್ನು ಸರಿಸಿ ಬಡಿಸುವುದೇ ಮರ್ಯಾದೆ. "ಏನೂ ತಿಂದೇ ಇಲ್ಲವಲ್ಲ ನೀವು, ಇದೊಂದು ಸೌಟು" ಎಂದು ಕೈ ಸರಿಸಿ ಬಡಿಸಿಯೇಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. "ಹಾಗೆ ಮಾಡ್ಬೇಡಿ" ಎಂದಷ್ಟೇ ಹೇಳಿ ಎದ್ದು ಬಾಲ್ಕನಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು.

"ಸಾರಿ ಆಂಟಿ" ಎಂದಳು ಜೆನಿಸ್. "ಊಟಕ್ಕೆ ಫೋರ್ಸ್ ಮಾಡಿದ್ರೆ ಡ್ಯಾಡಿಗೆ ಆಗಲ್ಲ. ನಮ್ಮನೇಲಿ ಯಾರಿಗೂ ಒತ್ತಾಯ ಮಾಡಿ ಬಡಿಸೋ ಹಾಗೇ ಇಲ್ಲ. ಮಮ್ಮಿ ಇದ್ದಾಗ್ಲೂ ಅಷ್ಟೇ. ಯಾಕೆ ಅಂತ ಹೇಳಲ್ಲ."

ನನಗೆ ಬೇಸರವಾಗದೆ ಇರಲಿಲ್ಲ. ಮರುದಿನ ಅವರೇ ಒಂದು ಡಬ್ಬಿ ಹುರಿದ ಗೋಡಂಬಿ ತಂದುಕೊಟ್ಟು, "ನಿನ್ನೆ ನಂಗೆ ಸ್ವಲ್ಪ ತಲೆ ಸರಿ ಇರ್ಲಿಲ್ಲ ಅಂತ ಗ್ರಹಿಸಿ" ಎಂದರು. ಅಂದಿನಿಂದ ನಾವಿಬ್ಬರೂ ಬೆಳಗಿನ ಹೊತ್ತು ಸ್ಟೇಷನ್ನಿನ ಆಚೆಯ ಪಾರ್ಕಿನವರೆಗೆ ನಡೆದು ಹೋಗುವುದು ರೂಢಿಯಾಯಿತು.

ಅವರು ಹರೆಯದಲ್ಲಿ ಸೇನೆಯ ವೈದ್ಯಕೀಯ ತುಕಡಿಯಲ್ಲಿ ಶುಶ್ರೂಷೆಯ ಸಿಪಾಯಿಯಾಗಿದ್ದರು. ಅಲ್ಲಿಂದ ಬಂದ ಮೇಲೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಿವೃತ್ತಿಯ ತನಕ ದುಡಿದರು. ೧೯೫೦ರಲ್ಲಿ ಕೊರಿಯಾದ ಯುದ್ಧ ಹತ್ತಿಕೊಂಡಾಗ ನಮ್ಮ ದೇಶ ಅಲ್ಲಿಗೆ ಕಾದಾಡುವ ಪಡೆಯನ್ನು ಕಳುಹಿಸದೆ ವೈದ್ಯರನ್ನು ಕಳುಹಿಸಿತ್ತು. ಇಪ್ಪತ್ತರ ಹರೆಯದ ಜಾಕೊಬ್ ಆ ವೈದ್ಯರ ಜೊತೆ ಹಡಗು ಹತ್ತಿದವರು. ಅಲ್ಲಿನ ಚಳಿಯ ವಿಷಯ ಮಾತ್ರ ಅವರು ಧಾರಾಳವಾಗಿ ಹೇಳುತ್ತಿದ್ದರು.

"ನೀರಿನ ಬಾಟ್ಲಿಯನ್ನು ಎದೆಗೆ ಅಪ್ಪಿಕೊಂಡು ಮಲಗ್ಬೇಕು ಟೀಚರೇ. ಇಲ್ಲದಿದ್ರೆ ಬೆಳಿಗ್ಗೆ ಕಲ್ಲು. ನೋವಿನ ಇಂಜೆಕ್ಷನ್ ಟ್ಯೂಬನ್ನು ಬಾಯೊಳಗೆ ಇಟ್ಕೊಂಡು ಬಿಸಿ ಮಾಡ್ತಿದ್ದೆವು. ಸೋಲ್ಜರುಗಳ ಬೂಟು ತೆಗೆದ್ರೆ ಕೆಲವರ ಬೆರಳು ಒಟ್ಟಿಗೇ ಬರ್ತಿತ್ತು. ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ, ನಮ್ಮ ಮುಖ ನೋಡಿ ಗೊತ್ತಾಗ್ತಿತ್ತು."

ಮುಂದಿನ ವರ್ಷದ ಚಳಿಗಾಲದಲ್ಲಿ ಯುನ್‌ಹೀ ಎಂಬ ಕೊರಿಯಾದ ಹೆಂಗಸು ಅವರನ್ನು ಹುಡುಕಿಕೊಂಡು ಬಂದಳು. ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಮುದಿ ತಾಯಿಯೊಡನೆ ಇದ್ದಳು. ಈಸ್ಟ್‌ವುಡ್‌ನ ಬೇಕರಿಯೊಂದರಲ್ಲಿ ಕೆಲಸ. ತಾಯಿಯನ್ನು ನಾವು ಹಾನ್ ಅಜ್ಜಿ ಎನ್ನುತ್ತಿದ್ದೆವು. ಲಿಫ್ಟಿನಲ್ಲಿ ಸಿಕ್ಕಾಗ ಜಾಕೊಬ್ ತಮಗೆ ನೆನಪಿದ್ದ ನಾಲ್ಕಾರು ಕೊರಿಯನ್ ಮಾತುಗಳಲ್ಲಿ "ಊಟ ಆಯಿತೇ" ಎಂದು ಕೇಳುತ್ತಿದ್ದರು. ಆ ಜನರಲ್ಲೂ ಎದುರಾದವರನ್ನು ಹಾಗೆ ಕೇಳುವ ರೂಢಿಯಿದೆಯಂತೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಆ ಅಜ್ಜಿ ಬಿದ್ದು ಆಸ್ಪತ್ರೆ ಸೇರಿ ಮನೆಗೆ ಮರಳಿದ ಮೇಲೆ ಅನ್ನ ಬಿಟ್ಟಿದ್ದಳು. ಮರೆವು ಮೊದಲೇ ಇತ್ತು. ಈಗ ಅವಳ ಮನಸ್ಸು ಯುದ್ಧದ ಕಾಲಕ್ಕೆ ಹೋಗಿ ನಿಂತಿತ್ತು. ಕೊಟ್ಟ ಅನ್ನವನ್ನು ಕರವಸ್ತ್ರದಲ್ಲಿ ಕಟ್ಟಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಹೀಗೇ ತೂಕ ಇಳಿಯುತ್ತಾ ಹೋದರೆ ಮನೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ನರ್ಸಿಂಗ್ ಹೋಮಿಗೆ ಸೇರಿಸಬೇಕು ಎಂದು ವೈದ್ಯರು ಹೇಳಿದ್ದರಂತೆ. ಭಾಷೆ ತಿಳಿಯದವರ ನಡುವೆ ತಾಯಿ ಒಂದು ತಿಂಗಳೂ ಬಾಳುವುದಿಲ್ಲವೆಂದು ಯುನ್‌ಹೀ ಅತ್ತಳು. "ನೀವು ಅಲ್ಲಿ ಇದ್ದವರು, ರೋಗಿಗಳನ್ನು ನೋಡಿಕೊಂಡವರು. ಮಧ್ಯಾಹ್ನ ಒಂದಿಷ್ಟು ಉಣಿಸಿ, ಅಂಕಲ್" ಎಂದು ಕೈಮುಗಿದಳು.

ಜಾಕೊಬ್ ಆಗುವುದಿಲ್ಲವೆಂದರು. ಕಾರಣ ಹೇಳದೆ ಬಾಗಿಲ ತನಕ ಕಳುಹಿಸಿಕೊಟ್ಟರು. ಅಲ್ಲೇ ಇದ್ದ ನನಗೆ ಸಿಟ್ಟು ಬಂತು.

"ಏನ್ರೀ ಇದು? ಕೈಯಲ್ಲಿ ಆಗುತ್ತೆ, ಹೊತ್ತೂ ಇದೆ."

"ನಾನು ಯಾರಿಗೂ ಉಣಿಸುವುದಿಲ್ಲ ಟೀಚರೇ. ಬನ್ನಿ, ನಡೆಯುವ" ಎಂದರು.

ಪಾರ್ಕಿನ ಬೆಂಚಿನಲ್ಲಿ ಕುಳಿತು, ಜೆನಿಸಳಿಗೂ ಹೇಳದಿದ್ದುದನ್ನು ಹೇಳಿದರು.

ಕೊರಿಯಾದ ಮೊದಲ ಚಳಿಗಾಲದಲ್ಲಿ ಸೈನ್ಯಗಳು ದಕ್ಷಿಣಕ್ಕೆ ಹಿಮ್ಮೆಟ್ಟಿದಾಗ, ಜನರೂ ಹಿಮದಲ್ಲಿ ಅದೇ ದಾರಿ ಹಿಡಿದು ಬರುತ್ತಿದ್ದರು. ತಲೆಯ ಮೇಲೆ ಗಂಟು, ಬೆನ್ನಿನ ಮೇಲೆ ಮಗು. ಇವರ ತುಕಡಿಯವರು ಒಂದು ಶಾಲೆಯಲ್ಲಿ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿಗೊಬ್ಬ ಬಡಗಿ ಬಂದ. ಸಿಕ್ಕಿದ್ದನ್ನೆಲ್ಲ ಹೆಂಡತಿ ಮಕ್ಕಳಿಗೆ ಕೊಟ್ಟು ತಾನು ಬಹಳ ದಿನ ಉಪವಾಸ ಬಿದ್ದವನು. ಆತನಿಗೆ ತೆಳ್ಳಗಿನ ಗಂಜಿ ನಾಲ್ಕು ಚಮಚದ ಮೇಲೆ ಕೊಡಕೂಡದೆಂದು ವೈದ್ಯಾಧಿಕಾರಿ ಹೇಳಿ ಹೋದರು.

"ಅಷ್ಟು ಕುಡಿದು ಬಟ್ಟಲು ಮುಂದೆ ಹಿಡಿದ. ಎರಡೂ ಕೈಯಲ್ಲಿ. ನಮ್ಮ ಮನೆಯಲ್ಲಿ ಟಪಾಲಿನವ ಬಂದ್ರೂ ನನ್ನ ಅಮ್ಮ ಒತ್ತಾಯ ಮಾಡಿ ಬಡಿಸ್ತಿದ್ರು. ಬಟ್ಟಲು ಹಿಡಿದವನಿಗೆ ಇಲ್ಲ ಅನ್ಲಿಕ್ಕೆ ನಂಗೆ ಯಾರೂ ಕಲಿಸಿರ್ಲಿಲ್ಲ. ಹಾಕಿದೆ. ಮತ್ತೆ ಹಾಕಿದೆ. ಡಬ್ಬಿಯ ಮಟನ್ ಇತ್ತು, ಅದನ್ನೂ ಹಾಕಿದೆ. ಅವ ಸಾಕು ಅಂದ್ರೂ ನಾನು, ತಿನ್ನು ಮಾರಾಯ, ತಿನ್ನು ಅಂತ. ನಗಾಡಿಕೊಂಡು ತಿಂದ. ಮರುದಿನ ಸಂಜೆಗೆ ಹೋದ."

ಎಷ್ಟೋ ದಿನ ಬರಿದಾದ ಹೊಟ್ಟೆಗೆ ಒಮ್ಮೆಲೇ ಅಷ್ಟು ಬಿದ್ದರೆ ಎದೆ ನಿಂತುಹೋಗಬಹುದೆಂದು ಅವರಿಗೆ ಅನಂತರ ತಿಳಿಯಿತು.

"ಅವನ ಹೆಂಡತಿ ಬಂದು ನನ್ನೆದುರು ನೆಲಕ್ಕೆ ಹಣೆ ಹಚ್ಚಿದಳು. ಗಂಡ ಹೊಟ್ಟೆ ತುಂಬಾ ಉಂಡು ಹೋದನಲ್ಲ, ಅದಕ್ಕೆ."

ಅಂದು ನಾನು ಬಡಿಸಿದ ಸೌಟು ಅನ್ನ ಕಣ್ಣಮುಂದೆ ಬಂತು. "ಹೆಚ್ಚು ಕೊಡಬಾರದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?" ಎಂದೆ. ಮರುದಿನ ಅವರು, "ನೋಡಿ ಬರುವ, ಉಣಿಸುವುದಿಲ್ಲ" ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಮೇಲಿನ ಮಹಡಿಗೆ ಹೋದರು.

ಅಲ್ಲಿ ಯುನ್‌ಹೀ ತಾಯಿಯ ತುಟಿಗೆ ಚಮಚ ಒತ್ತಿ ಹಿಡಿದು ಗೋಗರೆಯುತ್ತಿದ್ದಳು. ಅಜ್ಜಿ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ದಿಂಬಿನ ಕೆಳಗಿನಿಂದ ಹಳಸಿದ ಅನ್ನದ ವಾಸನೆ ಬರುತ್ತಿತ್ತು.

"ಒತ್ತಬೇಡಮ್ಮ" ಎಂದರು ಜಾಕೊಬ್. ಆಮೇಲೆ ಆ ಕರವಸ್ತ್ರದ ಗಂಟನ್ನು ನೋಡಿ, "ಇದು ಯಾರಿಗೆ?" ಎಂದು ಕೇಳಿದರು.

ಯುನ್‌ಹೀ ಹೇಳಿದಳು. ಯುದ್ಧದಲ್ಲಿ ಓಡಿಬರುವಾಗ ತಾಯಿಯ ಅಣ್ಣ ದೊಂಗ್‌ಸೂ ಎಂಬವನನ್ನು ಸೈನಿಕರು ಸಾಮಾನು ಹೊರಲು ದಾರಿಯಿಂದ ಎಳೆದುಕೊಂಡು ಹೋದರು. ಅವನು ಸತ್ತ ಸುದ್ದಿಯೂ ಬರಲಿಲ್ಲ, ಬದುಕಿದ ಸುದ್ದಿಯೂ ಬರಲಿಲ್ಲ.

ಜಾಕೊಬರಿಗೆ ಕೊರಿಯಾದ ದಿನಗಳದೊಂದು ಸಂಗತಿ ನೆನಪಾಯಿತು. ಅಲ್ಲಿ ಜನ ಬಿಟ್ಟುಹೋದ ಒಂದು ಮನೆಯೊಳಗೆ ಗಾಯಾಳುಗಳನ್ನು ಮಲಗಿಸಲು ಹೋದಾಗ, ಅಡಿಯಲ್ಲಿ ಒಲೆಯ ಕಾವು ಹಾಯುವ ಬೆಚ್ಚಗಿನ ನೆಲದ ಮೂಲೆಯಲ್ಲಿ ರಜಾಯಿಯೊಳಗೆ ಸುತ್ತಿಟ್ಟ ಹಿತ್ತಾಳೆಯ ಬಟ್ಟಲೊಂದು ಅವರಿಗೆ ಸಿಕ್ಕಿತ್ತಂತೆ. ಮುಚ್ಚಳ ತೆಗೆದರೆ ಅನ್ನ. ದೂರ ಹೋದ ಮಗನಿಗೆ ಮನೆಯವರು ಮೊದಲು ಅನ್ನ ತೆಗೆದಿಡುತ್ತಾರೆಂದು ದುಭಾಷಿ ತಿಳಿಸಿದ್ದ.

"ನಿಮ್ಮಲ್ಲಿ ಮುಚ್ಚಳದ ಬಟ್ಟಲು ಉಂಟಾ?"

ಯುನ್‌ಹೀ ಬೆರಗಾಗಿ ನೋಡಿದಳು. "ಅಮ್ಮನ ತಾಯಿ, ನನ್ನ ಅಜ್ಜಿ, ಸಾಯುವ ತನಕ ದಿನವೂ ಹಾಗೆ ಇಡುತ್ತಿದ್ದಳು. ಎಲ್ಲರ ಮನೆಯಲ್ಲೂ ರಜಾಯಿಯ ಕೆಳಗೆ ಒಬ್ಬ ಮಾವ ಇರುತ್ತಾನೆಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ" ಎಂದು, ಅಳುತ್ತಲೇ ನಕ್ಕಳು.

ಬಟ್ಟಲು ಬಂತು. ಜಾಕೊಬ್ ಅದಕ್ಕೆ ಅನ್ನ ತುಂಬಿ, ಮುಚ್ಚಿ, ಕಂಬಳಿಯಲ್ಲಿ ಸುತ್ತಿ ಅಜ್ಜಿಯ ಪಕ್ಕದಲ್ಲಿಟ್ಟರು. "ದೊಂಗ್‌ಸೂ" ಎಂದರು. ಬಳಿಕ ತಾವೊಂದು ಬಟ್ಟಲು ಗಂಜಿ ಹಾಕಿಕೊಂಡು ಕುಡಿಯತೊಡಗಿದರು. ಅಜ್ಜಿಯ ಮುಂದೆ ಒಂದು ಚಮಚದಷ್ಟು ಮಾತ್ರ ಇಟ್ಟು, ಬೇಕಾ ಎಂದು ಕೇಳಲಿಲ್ಲ, ಆ ಕಡೆ ನೋಡಲೂ ಇಲ್ಲ. ಅಜ್ಜಿ ಕಂಬಳಿಯನ್ನು ಮುಟ್ಟಿ ನೋಡಿದಳು. ಆಮೇಲೆ ಚಮಚ ಎತ್ತಿಕೊಂಡಳು.

ಹೀಗೆ ದಿನವೂ ನಡೆಯಿತು. ಒಂದು ಚಮಚ ಎರಡಾಗಿ, ವಸಂತದ ಹೊತ್ತಿಗೆ ಅರ್ಧ ಬಟ್ಟಲಾಯಿತು. ನರ್ಸಿಂಗ್ ಹೋಮಿನ ಮಾತು ನಿಂತಿತು.

ಆದರೆ ಪ್ರತಿ ಸಂಜೆ ಅಜ್ಜಿ ಮುಚ್ಚಳ ತೆಗೆದು ನೋಡುತ್ತಿದ್ದಳು. ಅನ್ನ ಹಾಗೆಯೇ ಇದ್ದದ್ದನ್ನು ಕಂಡು ಅವಳ ಮುಖ ಬಾಡುತ್ತಿತ್ತು. ಜಾಕೊಬರಿಗೆ ಅದನ್ನು ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಅವಳು ನಿದ್ದೆಹೋದಾಗ ಆ ಅನ್ನವನ್ನು ತಾವೇ ಉಂಡು ಬರಿ ಬಟ್ಟಲು ಮುಚ್ಚಿಟ್ಟರು.

ಎದ್ದ ಅಜ್ಜಿ ಬರಿ ಬಟ್ಟಲನ್ನು ಕಂಡು ಚಿಕ್ಕ ಹುಡುಗಿಯಂತೆ ನಕ್ಕಳಂತೆ. ಮರುಕ್ಷಣವೇ ಅಣ್ಣನನ್ನು ಕೂಗುತ್ತಾ ಬಾಗಿಲ ಹಿಂದೆ, ಪರದೆಯ ಹಿಂದೆ ಹುಡುಕಿದಳು. ಬಂದವನು ತನ್ನನ್ನು ಏಕೆ ಎಬ್ಬಿಸಲಿಲ್ಲ, ಮಾತಾಡದೆ ಏಕೆ ಹೋದ ಎಂದು ಗೋಳಾಡಿದಳು. ಅಂದಿನಿಂದ ಮಲಗಲು ಒಪ್ಪದೆ ಬಾಗಿಲಿಗೆ ಎದುರಾಗಿ ಕುಳಿತಳು. ಅವನೊಡನೆಯೇ ಉಣ್ಣುತ್ತೇನೆಂದು ಚಮಚ ಮುಟ್ಟಲಿಲ್ಲ.

"ಇನ್ನೊಂದು ಜೀವವನ್ನು ಊಟದಲ್ಲೇ ತೆಗೆದೆ ಟೀಚರೇ" ಎಂದರು ನನಗೆ.

ಮೂರನೆಯ ದಿನ ಅವರು ಅಜ್ಜಿಯ ಮುಂದೆ ಮಂಡಿಯೂರಿ, ಅನ್ನ ಉಂಡದ್ದು ತಾನೇ ಎಂದು ಯುನ್‌ಹೀಯ ಬಾಯಲ್ಲಿ ಹೇಳಿಸಿದರು. ಅಜ್ಜಿ ಅವರನ್ನು ದಿಟ್ಟಿಸಿದಳು. ಮರದ ಚಮಚದಿಂದ ಅವರ ತೋಳಿಗೆ ಎರಡು ಬಿಟ್ಟಳು.

"ಏನಂತಾರೆ?" ಎಂದು ಜಾಕೊಬ್ ತೋಳು ಸವರಿಕೊಂಡು ಕೇಳಿದರು.

"ಕಳ್ಳ ಅಂತಿದ್ದಾಳೆ. ಸೋಲ್ಜರುಗಳೆಲ್ಲ ಅನ್ನ ಕದಿಯುವವರೇ ಅಂತಿದ್ದಾಳೆ."

"ಸರಿಯಾಗಿಯೇ ಹೇಳಿದ್ರು" ಎಂದರು ಅವರು.

ಅಜ್ಜಿ ತಾನೇ ಅಣ್ಣನ ಬಟ್ಟಲನ್ನು ತುಂಬಿಸಿ, ಸುತ್ತಿ, ತೊಡೆಯ ಕೆಳಗೆ ಅವುಚಿಕೊಂಡಳು. ಜಾಕೊಬರ ಮೇಲೆ ಒಂದು ಕಣ್ಣಿಟ್ಟು, ತನ್ನ ಪಾಲಿನ ಗಂಜಿಯನ್ನು ಕುಡಿದಳು. ಮುಂದೆ ಆ ಬಟ್ಟಲನ್ನು ಯಾರೂ ಬರಿದು ಮಾಡಲಿಲ್ಲ.

ಮರುವರ್ಷದ ಚಳಿಗಾಲದವರೆಗೆ ಆಕೆ ಉಂಡಳು. ಕೊನೆಗೆ ನುಂಗುವ ಶಕ್ತಿಯೇ ಹೋಯಿತು; ಬಾಯಿಗೆ ಏನನ್ನೂ ಕೊಡಕೂಡದೆಂದರು ವೈದ್ಯರು. ಜಾಕೊಬ್ ಎಂದಿನಂತೆ ಮಧ್ಯಾಹ್ನ ಹೋಗಿ ಹತ್ತಿಯನ್ನು ನೀರಿನಲ್ಲಿ ಅದ್ದಿ ಅವಳ ತುಟಿ ಒರೆಸಿ ಬರುತ್ತಿದ್ದರು. ಅವಳು ಕಣ್ಮುಚ್ಚಿದ್ದು ತನ್ನ ಮನೆಯ ಹಾಸಿಗೆಯಲ್ಲೇ.

ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುವ ಪದ್ಧತಿ ಕೊರಿಯಾದವರಲ್ಲೂ ಇದೆ. "ಅಮ್ಮನಿಗೆ ಇಡುತ್ತೇನೆ. ಮಾವನಿಗೆ ಏನು ಮಾಡಲಿ ಅಂಕಲ್? ಸತ್ತನೆಂದು ತಿಳಿಯದೆ ಎಡೆ ಇಡುವಂತಿಲ್ಲ. ಕಾದು ಅನ್ನ ಇಡಲು ಇನ್ನು ಅವನನ್ನು ಕಂಡವರೇ ಇಲ್ಲ" ಎಂದು ಯುನ್‌ಹೀ ಕೇಳಿದಳು.

ಜೆನಿಸಳಿಗೆ ಎರಡನೆಯ ಮಗುವಾಗಿ ಮನೆ ಇಕ್ಕಟ್ಟಾದಾಗ, ಮಗ ಸ್ಯಾವಿಯೋ ತಂದೆಯನ್ನು ಮೆಲ್ಬರ್ನ್‌ಗೆ ಕರೆಸಿಕೊಂಡ. ಕಳೆದ ಬೇಸಿಗೆಯಲ್ಲಿ ನಾನು ಮಗಳೊಡನೆ ಅವರನ್ನು ನೋಡಿ ಬಂದೆ. ಈಗ ಅವರು ಆ ನಗರದ ಹೊರಭಾಗದ ವೆರಿಬೀಯಲ್ಲಿದ್ದಾರೆ. ಬೆಳಿಗ್ಗೆ ಹೂಕೋಸಿನ ಹೊಲಗಳ ಅಂಚಿನವರೆಗೆ ನಡೆಯುತ್ತಾರೆ. ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ ಬೇಯಿಸುತ್ತಾರೆ. ಶಾಲೆಯಿಂದ ಬಂದ ಮೊಮ್ಮಗಳು ಶೆರ್ಲಿನ್ ಅಜ್ಜನನ್ನು ಕೊಂಕಣಿಯಲ್ಲಿ ಕರೆಯುತ್ತಾ, "ಆಬ್, ನಾಟ್ ಗಂಜಿ ಅಗೇನ್!" ಎಂದು ಮೂಗು ಮುರಿದರೆ, "ಬೇಡದಿದ್ರೆ ಬೇಡ" ಎಂದು ಬಟ್ಟಲು ಎತ್ತಿಡುತ್ತಾರೆ. ಅವಳು ತಾನಾಗಿ ಬಂದು ಕೇಳುವ ತನಕ ಪತ್ರಿಕೆ ಓದುತ್ತಾರೆ.

ಸಂಜೆ ಜಪಸರ ಹಿಡಿದು ಕುಳಿತಾಗ ಕೊನೆಯಲ್ಲಿ ಸತ್ತವರ ಹೆಸರು ಹೇಳುತ್ತಾರೆ: ತಂದೆ, ತಾಯಿ, ಮೋಲಿ, ಹಾನ್ ಅಜ್ಜಿ, ಹೆಸರು ಗೊತ್ತಿಲ್ಲದ ಆ ಬಡಗಿ. ಅದಾದ ಮೇಲೆ ದಾರಿಯಲ್ಲಿರುವವರಿಗಾಗಿ ಬೇರೆ ಪ್ರಾರ್ಥನೆ. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಿಂದ ರೈಲಿನಲ್ಲಿ ಬರುತ್ತಿರುವ ಸ್ಯಾವಿಯೋನ ಹೆಸರು ಅಲ್ಲಿ ಬರುತ್ತದೆ, ಅದರ ಹಿಂದೆ ದೊಂಗ್‌ಸೂವಿನ ಹೆಸರು. ಅಷ್ಟರಲ್ಲಿ ಸ್ಯಾವಿಯೋ ಬಾಗಿಲು ತೆರೆದು ಒಳಗೆ ಬಂದಿದ್ದರೆ, ಅವನ ಹೆಸರನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹೇಳುತ್ತಾರೆ.