ಕೂತು ಇಳಿದ ಕಡಲು

ಗೂಡಿನಿಂದ ಕಂದು ಚಪ್ಪಲಿ ತೆಗೆದೆ. ಪಟ್ಟಿಯ ಮೇಲೆ ಉಪ್ಪಿನ ಬಿಳಿ ಗೆರೆ ಹಾಗೇ ಇದೆ. ಗ್ರೀಸ್ ದೇಶದ ಉಪ್ಪು ಅದು, ನೈರೋಬಿಯ ಸೋಪಿಗೆ ಬಗ್ಗುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೆಡಿಟರೇನಿಯನ್ ಅನ್ನುವುದು ನನ್ನ ನಾಲಿಗೆಗೆ ಹೊರಳುವುದಿಲ್ಲ, ಹಾಗಾಗಿ ‘ಆ ಕಡಲು’ ಅನ್ನುತ್ತೇನೆ, ನೀವೇ ತಿಳಿದುಕೊಳ್ಳಿ. ನೈರೋಬಿಯ ಗಿಗಿರಿಯಲ್ಲಿ ಕೆಲಸ ಮಾಡುವ ಮಗಳಿಗೆ ಗ್ರೀಸಿನಲ್ಲೊಂದು ಮೀಟಿಂಗು. ಅವಳ ಬಾಲಕ್ಕೆ ಅಳಿಯ, ಮೊಮ್ಮಗಳು ಇಳಾ, ನಾನು. ಮಂಡಿ ಆಪರೇಷನ್ ಆದಮೇಲೆ ನಾನು ಒಂದು ಮೆಟ್ಟಿಲೂ ಇಳಿದಿರಲಿಲ್ಲ. ಇಳಿಯಬಹುದು ಅಂತ ಡಾಕ್ಟರು ಹೇಳಿದ್ದರು. ಕಾಲು ಒಪ್ಪಿತ್ತು, ಧೈರ್ಯ ಒಪ್ಪಿರಲಿಲ್ಲ. ಲಿಫ್ಟು ಕೆಟ್ಟರೆ ನೈರೋಬಿಯ ಲಂಗಾಟಾ ಬಡಾವಣೆಯ ಈ ಮೂರನೇ ಮಹಡಿಯ ಮನೆಯೇ ನನಗೆ ಜೈಲು.

ಅಲ್ಲಿ ರಸ್ತೆ ಮುಗಿದ ಕಡೆ ಕಾರು ನಿಂತಿತು. ಕೆಳಗೆ ಕಡಿದಾದ ಬಂಡೆಗಳ ನಡುವೆ ಅಂಗೈಯಗಲದ ತೀರ. ಮರಳಿಲ್ಲ, ಬರೀ ಉರುಟು ಕಲ್ಲು. ನರಪಿಳ್ಳೆಯಿಲ್ಲ. ಕಡಲೆಕಾಯಿ ಮಾರುವವನೂ ಇಲ್ಲದ ಮೇಲೆ ಅದೆಂಥ ಬೀಚು.

“ಅಮ್ಮ, ನೀನು ಇಲ್ಲೇ ಕೂತ್ಕೊ. ಫೋಟೋ ತೋರಿಸ್ತೀನಿ” ಅಂದಳು ಮಗಳು.

“ಫೋಟೋ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?”

ಇಳಾ ಸೆರಗು ಜಗ್ಗಿದಳು. “ಅಜ್ಜಿ, ಆನ್ ಯುವರ್ ಬಮ್. ಲೈಕ್ ಮಿ.” ಕೂತು ಜಾರುತ್ತ ಎರಡು ಬಂಡೆ ಇಳಿದು ತೋರಿಸಿದಳು.

ಸೀರೆ ಎತ್ತಿ ಕಚ್ಚೆ ಕಟ್ಟಿದೆ. ಅಂಗೈ ಊರಿ, ಕೂತೇ ಇಳಿದೆ. ಅಳಿಯ ಆಚೆ ತಿರುಗಿ ಬೆಟ್ಟ ನೋಡುತ್ತಿದ್ದರು. ಮರ್ಯಾದಸ್ಥರು.

ನೀರಿನ ಹತ್ತಿರ ಹೋದಾಗ ನೆನಪಾಯಿತು. ಹುಣ್ಣಿಮೆ ಅಮಾವಾಸ್ಯೆ ಬಿಟ್ಟು ಸಮುದ್ರ ಮುಟ್ಟಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. “ಇವತ್ತೇನು ತಿಥಿ, ನೋಡಿ” ಅಂದೆ ಅಳಿಯನಿಗೆ.

ಅವರು ಫೋನನ್ನು ಮೇಲೆತ್ತಿ ಸುತ್ತ ತಿರುಗಿದರು. “ನೆಟ್‌ವರ್ಕೇ ಇಲ್ಲ, ಅತ್ತೆ.”

“ಹಾಗಾದ್ರೆ ಹುಣ್ಣಿಮೆ ಅಂದ್ಕೊಳ್ಳೋಣ.”

ಚಪ್ಪಲಿ ಕಾಲಲ್ಲೇ ನೀರಿಗಿಳಿದೆ, ಗಂಗಮ್ಮ ಕ್ಷಮಿಸಲಿ. ಅಲೆ ಹಿಂದೆ ಸರಿದಾಗ ಕಲ್ಲುಗಳು ಮೊರದಲ್ಲಿ ಹುರುಳಿ ಕೇರಿದ ಹಾಗೆ ಸದ್ದು ಮಾಡಿದವು. ಕಾಲಡಿಯ ಕಲ್ಲಷ್ಟೂ ಜಾರಿತು. ನಾನು ಬೀಳಲಿಲ್ಲ. ಮತ್ತೊಂದು ಅಲೆ ಬಂತು, ಆಗಲೂ ಬೀಳಲಿಲ್ಲ. ವಾಪಸು ಹತ್ತುವಾಗ ಹಿಂದಿನಿಂದ ಅಳಿಯನೇ ತಳ್ಳಬೇಕಾಯಿತು, ಅದು ಬಿಡಿ.

ಅಷ್ಟಾದರೂ ನೈರೋಬಿಗೆ ಬಂದ ಮೇಲೆ ಮತ್ತೆ ಲಿಫ್ಟೇ. ಬುದ್ಧಿ ಹಾಗೆಲ್ಲ ಒಂದೇ ಸಲಕ್ಕೆ ಬರುವುದಿಲ್ಲ.

ಇವತ್ತು ಕರೆಂಟಿಲ್ಲ. ಶಾಲೆಯಲ್ಲಿ ಇಳಾಳ ಹಾಡು ಇದೆ. ಕೆಳಗೆ ಕಾರಿನಲ್ಲಿರುವ ಮಗಳು ಫೋನು ಮಾಡಿದಳು. “ಅಮ್ಮ, ಲಿಫ್ಟ್ ಇಲ್ಲ, ನೀನು ಬರ್ಬೇಡ. ವಿಡಿಯೋ ತರ್ತೀನಿ.”

ಇಳಾ ಮೆಟ್ಟಿಲ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. “ಅಜ್ಜಿ, ಬಮ್ ಆರ್ ಫೀಟ್?”

ಚಪ್ಪಲಿ ಮೆಟ್ಟಿ ಕಂಬಿ ಹಿಡಿದೆ.

“ಕಾಲಲ್ಲೇ ಕಣೇ. ನೀನು ಮುಂದೆ ನಡಿ.”